ಪ್ರತಿಕ್ರಿಯೆ: ನಿಯಮ ಬದಲಾದರೆ ಲೋಕ ಮುಳುಗಬೇಕೇ?

ಎರಡು ವರ್ಷದಿಂದ ನಿಯಮಗಳ ಮೂರೂವರೆ (3.5) ಆವೃತ್ತಿಯಲ್ಲಿ ನಡೆಸುತ್ತಿರುವ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟವನ್ನು (ಆಟಗಾರರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಕಥೆ ಕಟ್ಟುವ ಆಟ) ಐದನೇ ಆವೃತ್ತಿಗೆ ಒಯ್ಯಲು ಕಥೆಯೊಳಗೆ ಒಂದು ಮಹಾಪ್ರಳಯ ತರಲೇ ಎಂದು ಕೇಳಿದ್ದೀರಿ. ದಯವಿಟ್ಟು ತರಬೇಡಿ.

ಈ ಆಟದ ಕಥೆಗಳು ನಡೆಯುವ ಫರ್ಗಾಟನ್ ರೆಲ್ಮ್ಸ್ ಎಂಬ ಕಲ್ಪಿತ ಲೋಕದಲ್ಲಿ ಪ್ರಕಾಶಕರೇ ಈ ದಾರಿ ಹಿಡಿದಿದ್ದರು. 1989ರ ಎರಡನೇ ಆವೃತ್ತಿಯಲ್ಲಿ ಆಟಗಾರರು ಆರಿಸಿಕೊಳ್ಳುವ ಪಾತ್ರವರ್ಗಗಳಿಂದ ಹಂತಕ ಎಂಬ ವರ್ಗವನ್ನು ಕೈಬಿಟ್ಟರು. ಅದಕ್ಕೆ ಕಾರಣವಾಗಿ ಕಥೆಯಲ್ಲಿ ಬೇನ್ ಎಂಬ ದೇವರು ತನ್ನ ಬಲ ಹೆಚ್ಚಿಸಿಕೊಳ್ಳಲು ಹಂತಕರನ್ನೆಲ್ಲ ಬಲಿ ತೆಗೆದುಕೊಂಡ. 2008ರ ನಾಲ್ಕನೇ ಆವೃತ್ತಿಗಾಗಿ ಮಂತ್ರವಿದ್ಯೆಯ ದೇವತೆ ಮಿಸ್ಟ್ರಾಳನ್ನೇ ಕೊಲ್ಲಿಸಿ, ಕಾಲವನ್ನು ಸುಮಾರು ನೂರು ವರ್ಷ ಮುಂದಕ್ಕೆ ತಳ್ಳಿದರು. ಆಟಗಾರರು ವರ್ಷಗಟ್ಟಲೆ ಒಡನಾಡಿದ್ದ ಎಷ್ಟೋ ಪಾತ್ರಗಳು ಒಂದೇ ಏಟಿಗೆ ಗತಕಾಲಕ್ಕೆ ಸೇರಿದವು. ನನಗೆ ಅದು ಇಂದಿಗೂ ನೋವಿನ ಸಂಗತಿ. ಐದನೇ ಆವೃತ್ತಿಯ ಹೊತ್ತಿಗೆ ಬಹಳಷ್ಟನ್ನು ಮರಳಿ ಜೋಡಿಸಬೇಕಾಯಿತು. ಮಿಸ್ಟ್ರಾ ಕೂಡ ಹಿಂತಿರುಗಿದಳು.

ನಿಯಮ ಬದಲಾದಾಗ ದಾಳಕ್ಕೆ ಕೂಡಿಸುವ ಅಂಕಿಗಳು ಬದಲಾದರೂ ಅವು ಪಾತ್ರಗಳ ಕಣ್ಣಿಗೆ ಬೀಳುವುದಿಲ್ಲ, ಅವಕ್ಕೆ ಕಥೆಯಲ್ಲಿ ಕಾರಣವೂ ಬೇಡ. ನಿಮ್ಮ ಆಟದಲ್ಲಿರುವ ಮಾಂತ್ರಿಕ ಪಾತ್ರದ ಮಾತು ಬೇರೆ. ಅಗ್ನಿಗೋಲವನ್ನು ಎರಡು ಬಾರಿ ಎಸೆಯಬೇಕಾದರೆ ಅವನು ಬೆಳಿಗ್ಗೆಯೇ ಆ ಮಂತ್ರವನ್ನು ಎರಡು ಬಾರಿ ಸಿದ್ಧಮಾಡಿಕೊಳ್ಳುತ್ತಿದ್ದ; ಹೇಳಿದೊಡನೆ ಅದು ನೆನಪಿನಿಂದ ಅಳಿಯುತ್ತಿತ್ತು. ಇನ್ನು ಮುಂದೆ ಒಮ್ಮೆ ಸಿದ್ಧಮಾಡಿಕೊಂಡರೆ ಸಾಕು. ಇದು ಅವನ ಗಮನಕ್ಕೆ ಬಾರದೆ ಇರದು. ಬದಲಾವಣೆಯ ವಿಷಯವನ್ನು ಎಲ್ಲ ಆಟಗಾರರಿಗೂ ಮೊದಲೇ ತಿಳಿಸಿ, ಒಪ್ಪಿಗೆ ಪಡೆಯಿರಿ. ಆಮೇಲೆ ಒಂದು ಕಾಳಗದ ನಡುವೆ, “ಮಂತ್ರ ಹೇಳಿ ಮುಗಿಸಿದೆ, ಆದರೆ ಅದು ನಿನ್ನ ನೆನಪಿನಿಂದ ಅಳಿಯಲಿಲ್ಲ” ಎಂದಷ್ಟೇ ಹೇಳಿ. ಕಾರಣವನ್ನು ಅವನೇ ಹುಡುಕಿಕೊಂಡು ಹೊರಡಲಿ.