ಚೀಲದೊಳಗೆ ಕೋಳಿ ಕಾಲು, ಯಾರ ಚೀಲ ಇದು?

ಪ್ರಶ್ನೆ: ಅಟ್ಟ ಖಾಲಿ ಮಾಡ್ವಾಗ ಅಜ್ಜನ ಪೆಟ್ಟಿಗೆಲಿ ಖಾಕಿ ಕ್ಯಾನ್ವಾಸ್ ಚೀಲ ಒಂದು ಸಿಕ್ತು. ಪಟ್ಟಿ ತುದಿಗೆ ಹಿತ್ತಾಳೆ, ಮುಚ್ಚಳದ ಒಳಗೆ ಕೋಳಿ ಕಾಲಿನ ತರ ಗುರುತು, ಅದರ ಕೆಳಗೆ ಇಂಗ್ಲಿಷಿನ ಐ ಅಕ್ಷರ, ಪಕ್ಕದಲ್ಲಿ 1943. ಅಂಜದೀವ್ ದ್ವೀಪ ಬಿಟ್ಟು ಓಡಿದ ಪೋರ್ಚುಗೀಸ್ ಸಿಪಾಯಿದು ಅಂತ ಅಜ್ಜ ಹೇಳ್ತಿದ್ರು, ಹೌದಾ ಸರ್?
– ಓದುಗರು, ಬಿಣಗಾ, ಕಾರವಾರ

ಉತ್ತರ: ಪೋರ್ಚುಗೀಸರದ್ದಲ್ಲ ಮಾರಾಯ್ರೆ. ಆ ಕೋಳಿ ಕಾಲು ಬ್ರಿಟಿಷ್ ಸರ್ಕಾರದ ಸ್ವತ್ತಿಗೆ ಒತ್ತೋ ಬಾಣದ ಗುರುತು, ಕೆಳಗೆ ಐ ಇದ್ರೆ ಭಾರತದಲ್ಲೇ ತಯಾರಾಗಿ ಪಾಸಾದ ಮಾಲು ಅಂತ ಲೆಕ್ಕ. ಅದೇ ಬಾಣ ಸಿ ಅಕ್ಷರದ ಹೊಟ್ಟೆಯೊಳಗೆ ಕೂತಿದ್ರೆ ಕೆನಡಾ, ಎರಡು ಡಿ ನಡುವೆ ಸಿಕ್ಕಿಕೊಂಡಿದ್ರೆ ಆಸ್ಟ್ರೇಲಿಯಾ, ಯು ಒಳಗಿದ್ರೆ ದಕ್ಷಿಣ ಆಫ್ರಿಕಾ. ನಿಮ್ದು 1937ರ ಪ್ಯಾಟರ್ನ್, ಅಂದ್ರೆ ಬ್ರಿಟಿಷ್ ಸೈನ್ಯದ ಆ ವರ್ಷದ ಮಾದರಿ ಚೀಲ ಇರ್ಬೇಕು, ಇಂಗ್ಲೆಂಡಲ್ಲಿ ಆದದ್ದು ದಪ್ಪ, ಬಿರುಸು, ನಮ್ಮಲ್ಲಿ ಆದದ್ದು ನೇಯ್ಗೆ ಒರಟು, ಕೈಗೆ ಸ್ವಲ್ಪ ಮೆತ್ತಗೆ, ಮುಟ್ಟಿ ನೋಡಿದ್ರೆ ಗೊತ್ತಾಗುತ್ತೆ.

ಆದ್ರೆ ಅಜ್ಜ ಹೇಳಿದ್ದನ್ನ ಪೂರ್ತಿ ತೆಗೆದು ಹಾಕ್ಬೇಡಿ. ಸ್ವಾತಂತ್ರ್ಯ ಬಂದ ಮೇಲೂ ನಮ್ಮ ಸೈನ್ಯ ಈ 37ರ ಸಾಮಾನನ್ನೇ ಎಷ್ಟೋ ವರ್ಷ ಹೊತ್ತಿದೆ. ಗೋವಾ ವಿಮೋಚನೆ ಹೊತ್ತಲ್ಲಿ, 1961ರ ಡಿಸೆಂಬರ್ 18ಕ್ಕೆ, ತ್ರಿಶೂಲ್, ಮೈಸೂರು ಹಡಗುಗಳಿಂದ ಪೋರ್ಚುಗೀಸರ ಕೈಲಿದ್ದ ಅಂಜದೀವ್‌ಗೆ ಇಳಿದದ್ದು ನಮ್ಮ ನೌಕಾಪಡೆಯವರು, 7 ಜನ ಅಲ್ಲೇ ಪ್ರಾಣ ಬಿಟ್ರು. ಹಾಗಾಗಿ ಚೀಲ ದ್ವೀಪದಿಂದ ಬಂದಿದ್ದೇ ನಿಜ ಆದ್ರೂ ಓಡಿದವಂದಲ್ಲ, ಇಳಿದವಂದು ಇರ್ಬೋದು. ಮುದ್ರೆ ಹೇಳೋದು ಎಲ್ಲಿ, ಯಾವಾಗ ಹುಟ್ಟಿತು ಅನ್ನೋದನ್ನ ಮಾತ್ರ, ಯಾರ ಹೆಗಲ ಮೇಲಿತ್ತು ಅಂತ ತಿಳಿಬೇಕಾದ್ರೆ ಮುಚ್ಚಳದ ಒಳಗೆ ಶಾಯಿಲಿ ಬರೆದ ಸಿಪಾಯಿ ನಂಬರ್ ಏನಾದ್ರೂ ಉಳಿದಿದ್ಯಾ ಹುಡುಕಿ. ರಾತ್ರಿ ಲೈಟ್ ಆರಿಸಿ ಮೊಬೈಲ್ ಟಾರ್ಚನ್ನ ಬಟ್ಟೆಗೆ ಅಡ್ಡ ಹಿಡೀರಿ, ಹಗಲಲ್ಲಿ ಕಾಣದ ಅಕ್ಷರ ಎಷ್ಟೋ ಸಲ ಆಗ ಎದ್ದು ಬರುತ್ತೆ.

ಮತ್ತೆ ದಯವಿಟ್ಟು ತೊಳೀಬೇಡಿ! ನಾನು ಒಂದ್ಸಲ ಹಳೇ ಬೆಲ್ಟಿನ ಬಕಲ್ ಕಿಲುಬು ಹಿಡಿದಿದೆ ಅಂತ ಹುಣಸೆಹಣ್ಣು ಹಾಕಿ ತಿಕ್ಕಿ, ಇದೂ ಇರ್ಲಿ ಅಂತ ಪಟ್ಟಿನೂ ಸೋಪಿನ ನೀರಲ್ಲಿ ನೆನೆಸಿಟ್ಟೆ, ಬೆಳಿಗ್ಗೆ ನೋಡಿದ್ರೆ ಬಕಲ್ ಫಳಫಳ, ಇಸವಿ ಇದ್ದ ಜಾಗದಲ್ಲಿ ಬರೀ ನೇರಳೆ ಕಲೆ. ನಮ್ಮ ಮಳೆಗಾಲಕ್ಕೆ ಬೂಸಲು ಬಂದೇ ಬರುತ್ತೆ, ಒಣಗಿದ ಬ್ರಷ್ಷಲ್ಲಿ ಕೊಡವಿ ನೆರಳಲ್ಲಿ ನೇತಾಕಿ, ಸಾಕು.

ಪ್ರಶ್ನೆ: ನಮ್ಮನೆ ಅಡಿಕೆ ತೋಟದಲ್ಲಿ ಆಳುಗಳು ನೀರಿಗೆ ಒಯ್ಯೋ ಅಲ್ಯುಮಿನಿಯಂ ಬಾಟಲಿ ಬುಡದಲ್ಲಿ ಯು.ಎಸ್. ಅಂತ ಇದೆ. ಅಮೆರಿಕದ್ದು ಶಿರಸಿಗೆ ಹೆಂಗೆ ಬಂತು?
– ಓದುಗರು, ಶಿರಸಿ

ಉತ್ತರ: ಎರಡನೇ ಮಹಾಯುದ್ಧದಲ್ಲಿ ಅಮೆರಿಕನ್ ಸೈನ್ಯ ಅಸ್ಸಾಂ, ಬಂಗಾಳದಲ್ಲಿತ್ತು, ಯುದ್ಧ ಮುಗಿದ ಮೇಲೆ ಉಳಿದ ರಾಶಿ ಡಿಸ್ಪೋಸಲ್ ಮಾಲು ಅಂತ ಹರಾಜಾಗಿ ದೇಶದ ತುಂಬ ಹೋಯ್ತು, ನಿಮ್ಮದು ಆ ದಾರಿಲೇ ಬಂದಿರ್ಬೇಕು. ಬ್ರಿಟಿಷರದ್ದಾದ್ರೆ ಆ ಕಾಲಕ್ಕೆ ಹೆಚ್ಚಾಗಿ ನೀಲಿ ಎನಾಮಲ್ ಬಾಟಲಿ, ಮೇಲೆ ಉಣ್ಣೆ ಬಟ್ಟೆ, ಬಾಯಿಗೆ ಕಾರ್ಕು. ಯು.ಎಸ್. ಪಕ್ಕ ಕಂಪನಿ ಹೆಸರು, ಇಸವಿ ಏನಾದ್ರೂ ಇದ್ರೆ ಬರೆದು ಕಳಿಸಿ. ಬಾಟಲಿ ಬುಡಕ್ಕೆ ಸರಿಯಾಗಿ ಕೂರೋ ಲೋಟ ಒಂದು ಇತ್ತು, ಮಡಚೋ ಹಿಡಿಕೆ ಇದ್ದದ್ದು, ಅದು ಎಲ್ಲಿ ಹೋಯ್ತು ಅಂತ ಅಡುಗೆಮನೆಲಿ ಕೇಳಿ ನೋಡಿ, ಅಕ್ಕಿ ಡಬ್ಬದಲ್ಲಿ ಅಳತೆಗೆ ಬಿದ್ದಿದ್ರೂ ಬಿದ್ದಿರ್ಬೋದು.