ಆ ಟಕಟಕ ಮಿಕ್ಸಿಂಗ್ ತಪ್ಪಲ್ಲ

'ಅಟೋನ್‌ಮೆಂಟ್' (2007) ಅನ್ನೋ ಇಂಗ್ಲಿಷ್ ಸಿನಿಮಾ ನೋಡುವಾಗ ಟೈಪ್‌ರೈಟರ್ ಸದ್ದು ಸಂಗೀತದ ಮೇಲೆ ಬಂದು ಬೀಳುತ್ತೆ, ಮಿಕ್ಸಿಂಗ್ (ಸದ್ದುಗಳನ್ನು ಹದವಾಗಿ ಬೆರೆಸೋದು) ತಪ್ಪಾ ಅಂತ ಕೇಳಿದ್ದೀರಿ. ತಪ್ಪಲ್ಲ ರೀ. ಸಂಗೀತ ಮಾಡಿದ ಡಾರಿಯೋ ಮರಿಯಾನೆಲ್ಲಿ ಅದನ್ನು ತಬಲಾ ಥರ ಬಳಸಿದ್ದಾರೆ, ಆಸ್ಕರ್ ಕೂಡ ಬಂತು. ಕಥೆ ಬರೆಯೋ ಹುಡುಗಿ ಬ್ರಯೋನಿ ಅಲ್ವಾ, ಅವಳ ಕೋಣೆಯಲ್ಲಿ ಶುರುವಾದ ಟಕಟಕ ಅವಳು ಎದ್ದು ನಡೆದ ಮೇಲೂ ನಿಲ್ಲಲ್ಲ, ಪಿಯಾನೋ ಜೊತೆ ಸೇರಿ ಅವಳ ಹೆಜ್ಜೆಗೇ ತಾಳ ಹಾಕುತ್ತೆ. ಇದೆಲ್ಲ ಅವಳು ಬರೀತಿರೋ ಕಥೆ ಅಂತ ಕಿವಿಗೆ ಮೊದಲೇ ಸುಳಿವು ಸಿಗುತ್ತೆ.

ಚಿಕ್ಕವನಿದ್ದಾಗ ಅಪ್ಪನ ಜೊತೆ ವಿಜಯಪುರದ ಕೋರ್ಟಿಗೆ ಹೋದರೆ ನಾನು ಟೈಪ್ ಮಾಡೋರ ಪಕ್ಕವೇ ನಿಲ್ತಿದ್ದೆ. ಸಾಲು ಮುಗಿಯೋ ಹೊತ್ತಿಗೆ ಸಣ್ಣದೊಂದು ಟಣ್, ಆಮೇಲೆ ಸರ್ರಂತ ಕಾಗದ ಹಿಡಿದ ಕ್ಯಾರೇಜ್ ಹಿಂದಕ್ಕೆ. ಅದರಲ್ಲೇ ಲಯ ಇದೆ.

ಮೊದಲರ್ಧ ಯಾಕೆ ಮಂಜು ಮಂಜು ಅಂದಿರಲ್ಲ, ಕ್ಯಾಮೆರಾಮನ್ ಷೇಮಸ್ ಮೆಕ್‌ಗಾರ್ವಿ ಲೆನ್ಸ್‌ಗೆ ಹೆಂಗಸರು ಕಾಲಿಗೆ ಹಾಕೋ ತೆಳು ಸ್ಟಾಕಿಂಗ್ ಬಟ್ಟೆ ಕಟ್ಟಿದ್ದರು. ಬೆಳಕು ಅಂಚಲ್ಲಿ ಕರಗಿದ ಹಾಗೆ ಕಾಣೋದು ಅದಕ್ಕೇ.

ಡನ್‌ಕರ್ಕ್ ದಂಡೆಯ ದೃಶ್ಯ (ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರು ಸಿಕ್ಕಿಹಾಕಿಕೊಂಡ ಫ್ರಾನ್ಸಿನ ಕಡಲತೀರ) ಮಾತ್ರ ಇನ್ನೊಮ್ಮೆ ಹೆಡ್‌ಫೋನ್ ಹಾಕಿ ನೋಡಿ. ಇಂಗ್ಲೆಂಡಿನ ರೆಡ್‌ಕಾರ್‌ನಲ್ಲಿ ತೆಗೆದದ್ದು, ಸುಮಾರು 5 ನಿಮಿಷ ಒಂದೂ ಕಟ್ ಇಲ್ಲ. ಕ್ಯಾಮೆರಾ ದಣಿದ ಸೈನಿಕರ ನಡುವೆ ಸುತ್ತಾಡ್ತಾ ಒಂದು ಮಂಟಪದ ಹತ್ತಿರ ಬರುತ್ತೆ, ಅಲ್ಲಿ ನಿಂತವರು ಪ್ರಾರ್ಥನೆಯ ಹಾಡು ಹಾಡ್ತಿರ್ತಾರೆ, ಹಿನ್ನೆಲೆ ಸಂಗೀತ ಮೆಲ್ಲಗೆ ಅವರ ದನಿಯನ್ನೇ ಒಳಗೆ ಸೇರಿಸಿಕೊಳ್ಳುತ್ತೆ. ನನಗೆ ಪ್ರತಿ ಸಲ ಅಲ್ಲೇ ಕಣ್ಣು ತುಂಬುತ್ತೆ.