ನಮ್ಮ ನಂತರ ಬಂದವರನ್ನು ಮೊದಲು ಒಳಗೆ ಕರೆದರು

ಇಂಡಿ ತಾಲ್ಲೂಕಿನ ಓದುಗರೊಬ್ಬರ ಪತ್ರ: 'ಅಪ್ಪ ಏಣಿಯಿಂದ ಬಿದ್ದು ಮುಂಗೈ ಮುರಿಯಿತು. ರಾತ್ರಿ ವಿಜಯಪುರದ ಒಂದು ಆಸ್ಪತ್ರೆಯ ಎಮರ್ಜೆನ್ಸಿಗೆ ಕರೆದೊಯ್ದೆವು. ಎರಡು ತಾಸು ಕೂರಿಸಿದರು. ನಮ್ಮ ನಂತರ ಬಂದ ಮೂವರನ್ನು ಮೊದಲು ನೋಡಿದರು. ಆಮೇಲೆ ಪಟ್ಟಿ ಹಾಕಿ ಕಳಿಸಿದರು. ಬಡವರೆಂದು ಹೀಗೆ ಮಾಡಿದರಾ? ಯಾರೂ ಏನೂ ಹೇಳಲಿಲ್ಲ.'

ನಿಮ್ಮ ಸಂಕಟ ಅರ್ಥವಾಗುತ್ತದೆ. ಮುರಿದ ಕೈ ಹಿಡಿದುಕೊಂಡು ಅಪ್ಪ ನರಳುತ್ತಿದ್ದರೆ ಒಂದೊಂದು ನಿಮಿಷವೂ ಭಾರ. ಆದರೆ ಎಮರ್ಜೆನ್ಸಿಯಲ್ಲಿ ಮೊದಲು ಬಂದವರಿಗೆ ಮೊದಲು ಎಂಬ ಪಾಳಿ ಇರುವುದಿಲ್ಲ. ಬಂದ ಕೂಡಲೇ ನಾಡಿ, ಬಿಪಿ, ಉಸಿರು, ಎಚ್ಚರ ನೋಡುತ್ತಾರೆ. ಜೀವಕ್ಕೆ ಅಪಾಯವಿದ್ದರೆ ಕೆಂಪು ಗುರುತು, ಸ್ವಲ್ಪ ತಡೆಯಬಹುದಾದರೆ ಹಳದಿ, ಕಾಯಬಹುದಾದರೆ ಹಸಿರು. ಇದಕ್ಕೆ ಟ್ರಯಾಜ್ ಎನ್ನುತ್ತಾರೆ.

ನಮ್ಮನ್ನು ದಾರಿ ತಪ್ಪಿಸುವುದು ನೋಟ. ಕೂಗಾಡುವವರಿಗೇ ಜಾಸ್ತಿ ಆಗಿದೆ ಅನಿಸುತ್ತದೆ, ಅಲ್ವಾ? ನನ್ನ ತಾಯಿ ಒಂದು ಸಂಜೆ ಸುಮ್ನೆ ಗೋಡೆಗೆ ಒರಗಿ ಕೂತಿದ್ದರು. 'ಎದಿ ಉರೀಲಿಕತ್ತದ, ಗ್ಯಾಸ್ ಇರಬೇಕು' ಎಂದರು. ಹಣೆಯ ಮೇಲೆ ಬೆವರಿತ್ತು. ಅದು ಹಾರ್ಟ್ ಅಟ್ಯಾಕ್. ಗ್ಯಾಸ್ ಎಂಬ ಈ ಒಂದು ಮಾತಿನಿಂದ ನಮ್ಮ ಕಡೆ ಎಷ್ಟು ಹೊತ್ತು ಹಾಳಾಗುತ್ತದೆಯೋ! ಎದೆನೋವು ಎಂದು ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು. ಅವರು ನಡೆದುಕೊಂಡೇ ಬಂದಿರಬಹುದು, ಆದರೂ ಮೊದಲು ಅವರೇ.

ಹೊಲದಲ್ಲಿ ಹಾವು ಕಚ್ಚಿಸಿಕೊಂಡು ಬಂದವರೂ ಹಾಗೆಯೇ. ನೋಡಲಿಕ್ಕೆ ಆರಾಮ ಇರುತ್ತಾರೆ. ಅವರ ರಕ್ತವನ್ನು ಗಾಜಿನ ನಳಿಕೆಯಲ್ಲಿ ಅಲುಗಾಡಿಸದೆ 20 ನಿಮಿಷ ಇಟ್ಟು, ಹೆಪ್ಪುಗಟ್ಟುತ್ತದೋ ಇಲ್ಲವೋ ನೋಡುತ್ತಾರೆ. ಗಟ್ಟಿಯಾಗದಿದ್ದರೆ ವಿಷ ಏರಿದೆ ಎಂದೇ ಅರ್ಥ. ಇನ್ನು ಪಾರ್ಶ್ವವಾಯು. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಲು ತೊಂದರೆ ಶುರುವಾದಾಗಿನಿಂದ ನಾಲ್ಕೂವರೆ ತಾಸಷ್ಟೇ ಸಮಯ, ಅದರೊಳಗೇ ಸಿಟಿ ಸ್ಕ್ಯಾನ್ ಕೂಡ ಆಗಬೇಕು. ಅದಕ್ಕೇ ಡಾಕ್ಟರು 'ಕೊನೆಗೆ ಯಾವಾಗ ಚೆನ್ನಾಗಿದ್ದರು?' ಎಂದು ಮತ್ತೆ ಮತ್ತೆ ಕೇಳುತ್ತಾರೆ. 'ಮುಂಜಾನೆಯಿಂದ ಹಿಂಗೇ' ಎಂದರೆ ಸಾಲದು, ಗಂಟೆ ಹೇಳಬೇಕು.

ಬಡವರೆಂದು ಕೂರಿಸಿದರೋ ಎಂಬುದನ್ನು ಇಲ್ಲಿ ಕೂತು ನಾನು ಹೇಳಲಾರೆ. ಆದರೆ ಹಣ ಕಟ್ಟದೆ ಮುಟ್ಟುವುದಿಲ್ಲ ಎಂದು ಯಾರಾದರೂ ಹೇಳಿದರೆ ಅದು ತಪ್ಪು. ತುರ್ತು ಹೊತ್ತಿನಲ್ಲಿ ಖಾಸಗಿ ಆಸ್ಪತ್ರೆಗಳು ಮುಂಗಡಕ್ಕೆ ಪಟ್ಟು ಹಿಡಿಯಬಾರದು ಎಂದು ನಮ್ಮ ರಾಜ್ಯದ ಕಾನೂನೇ ಹೇಳುತ್ತದೆ. ಪೊಲೀಸ್ ಕೇಸು ಎಂದು ಸಬೂಬು ಹೇಳುವಂತೆಯೂ ಇಲ್ಲ. ಮೊದಲು ಜೀವ ಉಳಿಸಿ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ಪತ್ರದ ಕೊನೆಯಲ್ಲಿ 'ಯಾರೂ ಏನೂ ಹೇಳಲಿಲ್ಲ' ಎಂದು ಬರೆದಿದ್ದೀರಿ. ನನಗೆ ಸಿಟ್ಟು ಬಂದದ್ದು ಅಲ್ಲಿ. ಕಾಯಿಸುವುದು ಬೇರೆ, ಕೈಗೆ ಆಧಾರ ಕಟ್ಟದೆ, ನೋವಿಗೆ ಏನೂ ಕೊಡದೆ ಎರಡು ತಾಸು ಬಿಡುವುದು ಬೇರೆ. ಯಾಕೆ ಕಾಯಬೇಕು ಎಂದು ಕೇಳುವ ಹಕ್ಕು ನಿಮಗಿದೆ. ಕಾಯುವಾಗ ಬೆರಳು ತಣ್ಣಗಾದರೆ, ನೀಲಿಯಾದರೆ ತಕ್ಷಣ ನರ್ಸ್ ಬಳಿ ಹೋಗಿ ಹೇಳಿ. ಅವರು ಮತ್ತೆ ಪರೀಕ್ಷಿಸಬೇಕು, ಆಗ ಹಸಿರು ಕೆಂಪಾಗಬಹುದು. ಊತ ಏರುವ ಮೊದಲೇ ಉಂಗುರ, ಕಡಗ ತೆಗೆಯಿರಿ. ಆಪರೇಷನ್ ಬೇಕಾಗಬಹುದು, ಹಾಗಾಗಿ ಡಾಕ್ಟರನ್ನು ಕೇಳದೆ ಚಹಾ ಕುಡಿಸಬೇಡಿ.

ಈಗ ಅಪ್ಪನ ಕೈಯನ್ನು ದಿಂಬಿನ ಮೇಲೆ ಎತ್ತರಕ್ಕಿಡಿ. ಪಟ್ಟಿಯೊಳಗೆ ನೋವು ಏರುತ್ತಲೇ ಹೋದರೆ, ಬೆರಳು ಜೋಮು ಹಿಡಿದರೆ ಬೆಳಗಾಗಲಿ ಎಂದು ಕಾಯಬೇಡಿ. ರಾತ್ರಿಯಾದರೂ ಸರಿ, ಮತ್ತೆ ಕರೆದೊಯ್ಯಿರಿ.